ಎದುರು ಲೇನ್ ತಿರುಗಿಸುವ ಮುನ್ನ: ತುರ್ತು ತೆರವಿನ ಹಿಂದಿರುವ ಹರಿವಿನ ಗಣಿತ

1999ರ ಸೆಪ್ಟೆಂಬರ್ ನಡುವಿನಲ್ಲಿ ಫ್ಲಾಯ್ಡ್ ಚಂಡಮಾರುತ ಅಮೆರಿಕದ ಆಗ್ನೇಯ ಕರಾವಳಿಯತ್ತ ಬರುತ್ತಿದ್ದಾಗ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಒಳನಾಡಿನ ಕಡೆಗೆ ಹೊರಟರು. ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್‌ನಿಂದ ಕೊಲಂಬಿಯಾ ನಗರಕ್ಕೆ ಹೋಗುವ ಇಂಟರ್‌ಸ್ಟೇಟ್ 26 ಹೆದ್ದಾರಿಯಲ್ಲಿ ಮಾಮೂಲಿ ದಿನ ಸುಮಾರು ಎರಡು ಗಂಟೆ ಹಿಡಿಯುವ ಪ್ರಯಾಣ ಅಂದು ಹಲವರಿಗೆ ಹದಿನಾಲ್ಕು ಗಂಟೆಯನ್ನೂ ಮೀರಿತು. ಕದಲದೆ ನಿಂತ ಕಾರಿನೊಳಗೆ ಕುಳಿತವರಿಗೆ ರಸ್ತೆ ವಿಭಜಕದ ಆಚೆ, ಸಮುದ್ರದ ಕಡೆಗೆ ಹೋಗುವ ಲೇನ್‌ಗಳು ಬಹುತೇಕ ಖಾಲಿ ಬಿದ್ದಿರುವುದು ಕಾಣುತ್ತಿತ್ತು. ಆ ಲೇನ್‌ಗಳನ್ನು ಹೊರಹೋಗುವವರಿಗೆ ಬಿಟ್ಟುಕೊಡುವ ತೀರ್ಮಾನ ಬಂದದ್ದು ಜನ ಗಂಟೆಗಟ್ಟಲೆ ಸಿಕ್ಕಿಹಾಕಿಕೊಂಡ ಮೇಲೆ. ಆ ಅನುಭವದ ನಂತರ ಚಂಡಮಾರುತಕ್ಕೆ ಒಡ್ಡಿಕೊಂಡ ಅಮೆರಿಕದ ಕರಾವಳಿ ರಾಜ್ಯಗಳು ಒಂದರ ಹಿಂದೆ ಒಂದರಂತೆ ಎದುರು ಲೇನ್‌ಗಳನ್ನು ತಿರುಗಿಸುವ ಯೋಜನೆಗಳನ್ನು ಸಿದ್ಧಪಡಿಸಿದವು. ಸಂಚಾರ ತಜ್ಞರು ಇದನ್ನು ಕಾಂಟ್ರಾಫ್ಲೋ ಎಂದು ಕರೆಯುತ್ತಾರೆ.

ಕಾಂಟ್ರಾಫ್ಲೋ ಎಷ್ಟು ಸರಳವಾಗಿ ತೋರುತ್ತದೆಂದರೆ, ಇದಕ್ಕೆ ಗಣಿತವೇಕೆ ಬೇಕು ಎಂದು ಯಾರಿಗಾದರೂ ಅನ್ನಿಸಬಹುದು. ಖಾಲಿ ಲೇನ್ ಕಣ್ಣೆದುರಿಗಿದೆ, ಅದನ್ನು ತೆರೆದರೆ ದಾರಿ ಎರಡರಷ್ಟಾಗುತ್ತದೆ, ದಾರಿ ಎರಡರಷ್ಟಾದರೆ ತೆರವಿನ ಸಮಯ ಅರ್ಧಕ್ಕಿಳಿಯುತ್ತದೆ ಎಂಬುದು ಸಹಜವಾದ ತರ್ಕ. ಈ ಸರಪಳಿಯ ಕೊನೆಯ ಕೊಂಡಿಯೇ ದುರ್ಬಲವಾದದ್ದು. ಯಾವ ರಸ್ತೆ ಕಿಕ್ಕಿರಿದಿದೆಯೋ ಅದನ್ನೇ ತಿರುಗಿಸಿ ಒಂದು ನಿಮಿಷವನ್ನೂ ಉಳಿಸದೆ ಹೋಗಲು ಸಾಧ್ಯವಿದೆ; ಯಾರ ಗಮನಕ್ಕೂ ಬಾರದ ದೂರದ ಒಂದು ತುಂಡನ್ನು ತಿರುಗಿಸಿ ಒಂದು ಗಂಟೆಯನ್ನೇ ಉಳಿಸಲೂ ಸಾಧ್ಯವಿದೆ. ಈ ಎರಡರ ನಡುವಿನ ವ್ಯತ್ಯಾಸವನ್ನು ವಿಪತ್ತು ಬರುವ ಮೊದಲೇ ಹೇಳಬಲ್ಲದ್ದು ಜಾಲ-ಹರಿವಿನ ಗಣಿತ, ಅಂದರೆ ನೆಟ್‌ವರ್ಕ್ ಫ್ಲೋ ಸಿದ್ಧಾಂತ.

ಈ ಸಿದ್ಧಾಂತ ಹುಟ್ಟಿದ್ದು ಜನರನ್ನು ಉಳಿಸುವ ಉದ್ದೇಶದಿಂದಲ್ಲ. 1955ರಲ್ಲಿ ರ‍್ಯಾಂಡ್ ಎಂಬ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆಗಾಗಿ ಹ್ಯಾರಿಸ್ ಮತ್ತು ರಾಸ್ ಎಂಬಿಬ್ಬರು ಸೋವಿಯತ್ ಒಕ್ಕೂಟದಿಂದ ಪೂರ್ವ ಯುರೋಪಿಗೆ ಸರಕು ಸಾಗಿಸುವ ರೈಲು ಜಾಲವನ್ನು 44 ಬಿಂದುಗಳು ಮತ್ತು 105 ಕೊಂಡಿಗಳಿರುವ ನಕ್ಷೆಯಾಗಿ ಬಿಡಿಸಿ, ಅದರಲ್ಲಿ ಗರಿಷ್ಠ ಎಷ್ಟು ಸರಕು ಹರಿಯಬಹುದು, ಎಲ್ಲಿ ಕತ್ತರಿಸಿದರೆ ಅತ್ಯಂತ ಕಡಿಮೆ ಶ್ರಮದಲ್ಲಿ ಹರಿವು ನಿಲ್ಲುತ್ತದೆ ಎಂದು ಲೆಕ್ಕ ಹಾಕಿದರು. 1999ರವರೆಗೆ ಗೋಪ್ಯವಾಗಿದ್ದ ಆ ವರದಿಯ ಪ್ರಶ್ನೆಯಿಂದಲೇ ಪ್ರೇರಣೆ ಪಡೆದು ಗಣಿತಜ್ಞರಾದ ಫೋರ್ಡ್ ಮತ್ತು ಫಲ್ಕರ್ಸನ್ 1956ರಲ್ಲಿ ತಮ್ಮ ಪ್ರಸಿದ್ಧ ಪ್ರಮೇಯವನ್ನು ಪ್ರಕಟಿಸಿದರು. ಒಂದು ಮೂಲದಿಂದ ಒಂದು ಗುರಿಗೆ ಹರಿಯಬಲ್ಲ ಗರಿಷ್ಠ ಪ್ರಮಾಣವು, ಅವೆರಡನ್ನೂ ಬೇರ್ಪಡಿಸುವ ಛೇದಗಳಲ್ಲಿ (ಅಂದರೆ ಮುಚ್ಚಿದರೆ ಹರಿವು ಪೂರ್ತಿ ನಿಲ್ಲುವಂಥ ಕೊಂಡಿಗಳ ಗುಂಪುಗಳಲ್ಲಿ) ಅತ್ಯಂತ ಕಿರಿದಾದುದರ ಸಾಮರ್ಥ್ಯಕ್ಕೆ ಸರಿಯಾಗಿ ಸಮ ಎಂಬುದು ಆ ಪ್ರಮೇಯದ ಸಾರ. ಶತ್ರುವಿನ ಜಾಲವನ್ನು ಕತ್ತರಿಸಲು ಹುಡುಕಿದ ಅದೇ ಕಿರಿದಾದ ಛೇದವನ್ನು ಇಂದು ತೆರವಿನ ಯೋಜಕರು ಅಗಲಗೊಳಿಸಲು ಹುಡುಕುತ್ತಾರೆ. ಕಾಂಟ್ರಾಫ್ಲೋ ಎಂದರೆ ಹೊಸ ರಸ್ತೆ ಕಟ್ಟದೆ ಆ ಛೇದವನ್ನು ಅಗಲಗೊಳಿಸುವ ಉಪಾಯ.

ಮಾತಿಗಿಂತ ಒಂದು ಸಣ್ಣ ಲೆಕ್ಕ ಇದನ್ನು ಚೆನ್ನಾಗಿ ತೋರಿಸುತ್ತದೆ. ತೆರವಾಗಬೇಕಾದ ಒಂದು ಊರಿದೆ, ಹೊರಡಬೇಕಾದ ವಾಹನಗಳು 6,000 ಎಂದಿಟ್ಟುಕೊಳ್ಳೋಣ. ಸುರಕ್ಷಿತ ತಾಣಕ್ಕೆ ಎರಡು ದಾರಿಗಳಿವೆ. ಮೊದಲನೆಯದು ಉತ್ತರ ಜಂಕ್ಷನ್ ಮೂಲಕ ಹೋಗುತ್ತದೆ: ಊರಿನಿಂದ ಜಂಕ್ಷನ್‌ಗೆ ಹತ್ತು ನಿಮಿಷ, ಅಲ್ಲಿಂದ ತಾಣಕ್ಕೆ ಮತ್ತೆ ಹತ್ತು ನಿಮಿಷ, ಎರಡೂ ತುಂಡುಗಳಲ್ಲಿ ಪ್ರತಿ ದಿಕ್ಕಿಗೆ ನಿಮಿಷಕ್ಕೆ 20 ವಾಹನಗಳು ಸಾಗಬಹುದು. ಎರಡನೆಯದು ದಕ್ಷಿಣ ಜಂಕ್ಷನ್ ಮೂಲಕ ಹೋಗುತ್ತದೆ: ತುಂಡಿಗೆ ಹದಿನೈದು ನಿಮಿಷದಂತೆ ಒಟ್ಟು ಅರ್ಧ ಗಂಟೆಯ ದಾರಿ; ಊರಿನ ಕಡೆಯ ತುಂಡಿನಲ್ಲಿ ನಿಮಿಷಕ್ಕೆ 20 ವಾಹನ ಹೋಗಬಹುದಾದರೂ ಜಂಕ್ಷನ್ ದಾಟಿದ ಮೇಲೆ ರಸ್ತೆ ಕಿರಿದಾಗಿ, ಪ್ರತಿ ದಿಕ್ಕಿಗೆ ನಿಮಿಷಕ್ಕೆ ಹತ್ತೇ ವಾಹನಗಳಿಗೆ ಎಡೆ ಸಿಗುತ್ತದೆ. ಏನನ್ನೂ ತಿರುಗಿಸದಿದ್ದರೆ ಉತ್ತರದಿಂದ ನಿಮಿಷಕ್ಕೆ 20, ದಕ್ಷಿಣದಿಂದ 10, ಒಟ್ಟು 30 ವಾಹನಗಳು ತಾಣ ಸೇರುತ್ತವೆ. ಮೊದಲ ವಾಹನ ತಲುಪಲು ಹಿಡಿಯುವ ಸಮಯವನ್ನೂ ಸೇರಿಸಿದರೆ ಕೊನೆಯ ವಾಹನ ತಾಣ ಮುಟ್ಟುವಾಗ ಸುಮಾರು 223 ನಿಮಿಷ ಕಳೆದಿರುತ್ತದೆ.

ಈಗ ಊರಿನ ಅಂಚಿನಲ್ಲಿ ನಿಂತ ಅಧಿಕಾರಿಗೆ ಕಾಣುವುದೇನು? ಊರಿನಿಂದ ಹೊರಡುವ ಎರಡೂ ರಸ್ತೆಗಳು ತುಂಬಿ ನಿಂತಿವೆ, ಎದುರಿನ ಲೇನ್‌ಗಳು ಖಾಲಿ ಇವೆ. ಅವರು ಆ ಎರಡು ತುಂಡುಗಳನ್ನು ತಿರುಗಿಸಿದರೆಂದುಕೊಳ್ಳಿ. ಊರಿನಿಂದ ಹೊರಬೀಳುವ ಸಾಮರ್ಥ್ಯ ನಿಮಿಷಕ್ಕೆ 40ರಿಂದ 80ಕ್ಕೆ ಏರುತ್ತದೆ, ಸಾಲು ಊರ ಬಾಗಿಲಿನಿಂದ ಕರಗುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ. ಆದರೆ ತಾಣ ಸೇರುವ ವಾಹನಗಳು ಇನ್ನೂ ನಿಮಿಷಕ್ಕೆ ಮೂವತ್ತೇ, ಕೊನೆಯ ವಾಹನ ತಲುಪುವುದು ಇನ್ನೂ 223ನೆಯ ನಿಮಿಷಕ್ಕೇ. ಸಾಲು ಕರಗಲಿಲ್ಲ, ಊರಿನಿಂದ ಜಂಕ್ಷನ್‌ಗಳ ಹಿಂದಕ್ಕೆ ಸರಿಯಿತು ಅಷ್ಟೇ. ಬೆಂಕಿಯೋ ನೆರೆಯೋ ಬೆನ್ನಟ್ಟಿ ಬರುವಾಗ ಮನೆಯಲ್ಲಿ ಕಾಯುವವರು ಬಯಲಿನ ರಸ್ತೆಯ ಮೇಲೆ ಕಾಯುವಂತಾಯಿತು. ಇದಕ್ಕೆ ಬದಲಾಗಿ ಉತ್ತರದ ಎರಡೂ ತುಂಡುಗಳನ್ನೂ ದಕ್ಷಿಣದಲ್ಲಿ ಜಂಕ್ಷನ್‌ನಿಂದಾಚೆಗಿನ ಕಿರಿದಾದ ತುಂಡನ್ನೂ ತಿರುಗಿಸಿದರೆ ಹರಿವು ನಿಮಿಷಕ್ಕೆ 60ಕ್ಕೆ ಏರಿ, ತೆರವು ಸುಮಾರು 123 ನಿಮಿಷಕ್ಕೆ ಮುಗಿಯುತ್ತದೆ. ದಕ್ಷಿಣದಲ್ಲಿ ಊರಿನ ಕಡೆಯ ತುಂಡನ್ನು ತಿರುಗಿಸುವ ಅಗತ್ಯವೇ ಬೀಳುವುದಿಲ್ಲ. ಅದಕ್ಕೆ ಇರುವ 20ರ ಸಾಮರ್ಥ್ಯವೇ ಸಾಕು. ಅಧಿಕಾರಿಯ ಕಣ್ಣಿಗೆ ಮೊದಲು ಬಿದ್ದ ಎರಡು ತುಂಡುಗಳಲ್ಲಿ ಒಂದನ್ನು ಮುಟ್ಟಬೇಕಾಗಿಯೇ ಇರಲಿಲ್ಲ, ಮತ್ತೊಂದನ್ನು ಮುಟ್ಟಿದರೂ ಅದರ ಮುಂದಿನ ತುಂಡನ್ನು ಮುಟ್ಟದೆ ಲಾಭವಿರಲಿಲ್ಲ.

ನಾಲ್ಕು ತುಂಡುಗಳ ಈ ಜಾಲದಲ್ಲಿ ಕಿರಿದಾದ ಛೇದವನ್ನು ಕಾಗದದ ಮೇಲೆಯೇ ಗುರುತಿಸಬಹುದು. ಸಾವಿರಾರು ಕೂಡುರಸ್ತೆಗಳಿರುವ ನಗರದಲ್ಲಿ ಅದು ಕಣ್ಣಿಗೆ ಸಿಗುವುದಿಲ್ಲ, ಒಂದು ಕಡೆ ಅಗಲಗೊಳಿಸಿದ ಕೂಡಲೇ ಮತ್ತೊಂದು ಕಡೆಗೆ ಜಾರಿಕೊಳ್ಳುತ್ತದೆ. ಅಲ್ಗಾರಿದಮ್ ಬೇಕಾಗುವುದು ಇಲ್ಲಿ.

ಸಮಯವನ್ನು ಲೆಕ್ಕಕ್ಕೆ ತರುವುದು ಮೊದಲ ತೊಡಕು. ಕೊಳವೆಯಲ್ಲಿ ನಿರಂತರವಾಗಿ ಹರಿಯುವ ನೀರಿನಂತೆ ಹರಿವನ್ನು ಭಾವಿಸಿದರೆ ಅದರ ಪ್ರಮಾಣ ಮಾತ್ರ ತಿಳಿಯುತ್ತದೆ. ಆದರೆ ತೆರವಿನಲ್ಲಿ ಯಾವ ಗಳಿಗೆಗೆ ಎಷ್ಟು ಜನ ತಲುಪಿದರು ಎಂಬುದೇ ಮುಖ್ಯ. ಇದಕ್ಕೆ ಒಂದು ನೇರವಾದ ದಾರಿಯಿದೆ: ನಕ್ಷೆಯ ಪ್ರತಿ ಕೂಡುರಸ್ತೆಗೂ ನಿಮಿಷಕ್ಕೊಂದರಂತೆ ಪ್ರತಿಗಳನ್ನು ಮಾಡಿ, ಹತ್ತು ನಿಮಿಷದ ರಸ್ತೆಯನ್ನು ಒಂದು ತುದಿಯ ಮೊದಲ ನಿಮಿಷದ ಪ್ರತಿಯಿಂದ ಇನ್ನೊಂದು ತುದಿಯ ಹನ್ನೊಂದನೆಯ ನಿಮಿಷದ ಪ್ರತಿಗೆ ಎಳೆದು, ಕಾಯುವುದನ್ನೂ ಒಂದು ಕೊಂಡಿಯಾಗಿ ಸೇರಿಸುವುದು. ಹೀಗೆ ಕಾಲದಲ್ಲಿ ವಿಸ್ತರಿಸಿದ ಜಾಲದ ಮೇಲೆ ಮಾಮೂಲಿ ಹರಿವಿನ ಲೆಕ್ಕವನ್ನೇ ಮಾಡಬಹುದು. ಆದರೆ ಹತ್ತು ಸಾವಿರ ಕೂಡುರಸ್ತೆಗಳ ನಗರಕ್ಕೆ ನಾಲ್ಕು ಗಂಟೆಯ ಯೋಜನೆ ಮಾಡಬೇಕೆಂದರೆ ಬಿಂದುಗಳ ಸಂಖ್ಯೆ 24 ಲಕ್ಷಕ್ಕೆ ಮುಟ್ಟುತ್ತದೆ, ನಿಮಿಷದ ಬದಲು ಸೆಕೆಂಡುಗಳಲ್ಲಿ ಎಣಿಸಿದರೆ ಅದರ ಅರವತ್ತರಷ್ಟಾಗುತ್ತದೆ.

ಫೋರ್ಡ್ ಮತ್ತು ಫಲ್ಕರ್ಸನ್ 1958ರಲ್ಲಿ ತೋರಿಸಿದ ದಾರಿ ಇದಕ್ಕಿಂತ ಚತುರವಾದದ್ದು. ಒಂದೇ ಮೂಲ, ಒಂದೇ ಗುರಿ ಇದ್ದಾಗ ಜಾಲವನ್ನು ಕಾಲದಲ್ಲಿ ಬಿಡಿಸಿ ಹರಡಬೇಕಾಗಿಲ್ಲ; ಪ್ರಯಾಣದ ಸಮಯವನ್ನೇ ವೆಚ್ಚವೆಂದು ಪರಿಗಣಿಸಿ ಮೂಲ ನಕ್ಷೆಯ ಮೇಲೆ ಒಂದು ಕನಿಷ್ಠ ವೆಚ್ಚದ ಹರಿವನ್ನು ಕಂಡುಹಿಡಿದು, ಅದನ್ನು ಬಿಡಿ ದಾರಿಗಳಾಗಿ ಬೇರ್ಪಡಿಸಿ, ಪ್ರತಿ ದಾರಿಗೂ ಮೊದಲ ನಿಮಿಷದಿಂದ ಅದೇ ಪ್ರಮಾಣದಲ್ಲಿ ವಾಹನಗಳನ್ನು ಬಿಡುತ್ತಾ ಹೋದರೆ ಸಾಕು, ನಿಗದಿತ ಅವಧಿಯಲ್ಲಿ ಅದಕ್ಕಿಂತ ಹೆಚ್ಚು ವಾಹನಗಳನ್ನು ಬೇರಾವ ಯೋಜನೆಯೂ ತಲುಪಿಸಲಾರದು. ಮೇಲಿನ ಲೆಕ್ಕದಲ್ಲಿ ನಾನು ಬಳಸಿದ್ದೂ ಇದನ್ನೇ. ಉತ್ತರದ ದಾರಿಗೆ ನಿಮಿಷಕ್ಕೆ 40, ದಕ್ಷಿಣದ ದಾರಿಗೆ 20 ಎಂದು ನಿಗದಿಯಾದ ಮೇಲೆ ಕೊನೆಯವರೆಗೂ ಅದನ್ನು ಬದಲಾಯಿಸುವ ಅಗತ್ಯ ಬರಲಿಲ್ಲ.

ಈ ಸ್ಥಿರತೆಯೇ ಕಾಂಟ್ರಾಫ್ಲೋಗೆ ವರವಾಯಿತು. ಯಾವ ರಸ್ತೆಯನ್ನು ತಿರುಗಿಸಬೇಕು ಎಂಬ ಪ್ರಶ್ನೆಗೆ ಮೇಲ್ನೋಟಕ್ಕೆ ಅಸಂಖ್ಯ ಉತ್ತರಗಳಿವೆ. ಪ್ರತಿ ಇಮ್ಮುಖ ರಸ್ತೆಯನ್ನು ಇದ್ದಂತೆ ಬಿಡಬಹುದು, ಪೂರ್ತಿ ಈ ಕಡೆಗೆ ತಿರುಗಿಸಬಹುದು, ಇಲ್ಲವೇ ಪೂರ್ತಿ ಆ ಕಡೆಗೆ ತಿರುಗಿಸಬಹುದು. ಐವತ್ತು ರಸ್ತೆಗಳಿದ್ದರೆ ಒಟ್ಟು ಸಾಧ್ಯತೆಗಳು ಏಳರ ಮುಂದೆ ಇಪ್ಪತ್ಮೂರು ಸೊನ್ನೆ ಬರೆದಷ್ಟು. ಆದರೂ 2010ರಲ್ಲಿ ರೆಬೆನಾಕ್, ಅರುಳ್‌ಸೆಲ್ವನ್, ಎಲೆಫ್ಟೆರಿಯಾಡೂ ಮತ್ತು ಪರ್ಡಾಲೋಸ್ ಪ್ರಕಟಿಸಿದ ಪ್ರಬಂಧ, ಒಂದು ಮೂಲ ಮತ್ತು ಒಂದು ಗುರಿ ಇರುವಾಗ ಇವನ್ನು ಒಂದೊಂದಾಗಿ ಪರೀಕ್ಷಿಸಬೇಕಿಲ್ಲ ಎಂದು ತೋರಿಸಿತು. ವಿಧಾನ ಓದುವಾಗ ನಿರಾಳವೆನ್ನಿಸುವಷ್ಟು ಚಿಕ್ಕದು. ಪ್ರತಿ ರಸ್ತೆಯ ಎರಡೂ ದಿಕ್ಕುಗಳ ಸಾಮರ್ಥ್ಯವನ್ನು ಕೂಡಿಸಿ, ಅದು ಎರಡೂ ದಿಕ್ಕಿಗೆ ಪೂರ್ತಿಯಾಗಿ ಲಭ್ಯವಿದೆಯೆಂದು ತಾತ್ಕಾಲಿಕವಾಗಿ ಭಾವಿಸಿ; ಆ ಕಲ್ಪಿತ ಜಾಲದ ಮೇಲೆ 1958ರ ವಿಧಾನದಿಂದ ಹರಿವನ್ನು ಲೆಕ್ಕ ಹಾಕಿ; ಸುತ್ತಿ ಬಂದು ಅಲ್ಲಿಗೇ ಸೇರುವ ನಿರರ್ಥಕ ಹರಿವುಗಳನ್ನು ತೆಗೆದುಹಾಕಿ; ಉಳಿದ ಹರಿವು ಯಾವ ರಸ್ತೆಯಲ್ಲಿ ಆ ದಿಕ್ಕಿನ ಮೂಲ ಸಾಮರ್ಥ್ಯವನ್ನು ಮೀರುತ್ತದೆಯೋ ಅದರ ಎದುರು ದಿಕ್ಕನ್ನು ಮಾತ್ರ ತಿರುಗಿಸಿ. ಇದು ಸರಿಹೋಗುವುದು ಏಕೆಂದರೆ ಒಳ್ಳೆಯ ಹರಿವು ಒಂದೇ ರಸ್ತೆಯನ್ನು ಎರಡೂ ದಿಕ್ಕಿಗೆ ಬಳಸಲು ಎಂದೂ ಕೇಳುವುದಿಲ್ಲ, ಮತ್ತು ಆ ಹರಿವಿನ ಸ್ವರೂಪ ಮೊದಲ ನಿಮಿಷದಿಂದ ಕೊನೆಯವರೆಗೆ ಒಂದೇ ಆಗಿರುತ್ತದೆ. ಹಾಗಾಗಿ ರಸ್ತೆಯ ದಿಕ್ಕನ್ನು ಒಮ್ಮೆ ನಿಗದಿಪಡಿಸಿದರೆ ಸಾಕು.

ಜನ ಒಂದಕ್ಕಿಂತ ಹೆಚ್ಚು ಸ್ಥಳಗಳಿಂದ ಹೊರಟು, ಒಂದಕ್ಕಿಂತ ಹೆಚ್ಚು ತಾಣಗಳನ್ನು ಸೇರಬೇಕಾದಾಗ ಈ ಆಸರೆ ತಪ್ಪಿಹೋಗುತ್ತದೆ, ಮತ್ತು ವಾಸ್ತವದ ಬಹುತೇಕ ತೆರವುಗಳು ಇಂಥವೇ. ಎರಡು ಹೆದ್ದಾರಿಗಳನ್ನು ಜೋಡಿಸುವ ಒಂದು ಅಡ್ಡರಸ್ತೆಯನ್ನು ನೆನೆಯಿರಿ. ಮೊದಲ ಒಂದು ಗಂಟೆ ಒಂದು ಊರಿನವರಿಗೆ ಅದು ಬಲದಿಂದ ಎಡಕ್ಕೆ ಬೇಕು, ಮುಂದಿನ ಗಂಟೆ ಇನ್ನೊಂದು ಊರಿನವರಿಗೆ ಎಡದಿಂದ ಬಲಕ್ಕೆ ಬೇಕು. ತೆರವಿನ ನಡುವೆ ರಸ್ತೆಯ ದಿಕ್ಕನ್ನು ಬದಲಾಯಿಸುವುದು ಅಪಾಯಕಾರಿ. ಆದ್ದರಿಂದ ಯಾರಿಗೋ ಒಬ್ಬರಿಗೆ ಇಲ್ಲವೆನ್ನಬೇಕು, ಆ ನಿರಾಕರಣೆ ಬೇರೆ ರಸ್ತೆಗಳ ಆಯ್ಕೆಯನ್ನು ಬದಲಿಸುತ್ತದೆ. ಹಲವು ಮೂಲ, ಹಲವು ಗುರಿಗಳ ಸಾಮಾನ್ಯ ಹರಿವಿನ ಸಮಸ್ಯೆಯನ್ನು ಹಾಪ್ ಮತ್ತು ಟಾರ್ಡೋಸ್ 1990ರ ದಶಕದಲ್ಲಿ ಸಮರ್ಥವಾಗಿ ಬಿಡಿಸಿದ್ದರು. ಆದರೆ ಅದಕ್ಕೆ ರಸ್ತೆ ತಿರುಗಿಸುವ ಆಯ್ಕೆಯನ್ನು ಸೇರಿಸಿದ ಕೂಡಲೇ ಸಮಸ್ಯೆ ಎನ್‌ಪಿ-ಹಾರ್ಡ್ ವರ್ಗಕ್ಕೆ ಸೇರಿಹೋಗುತ್ತದೆ, ಅಂದರೆ ದೊಡ್ಡ ಜಾಲಗಳಲ್ಲಿ ಖಚಿತವಾದ ಅತ್ಯುತ್ತಮ ಉತ್ತರವನ್ನು ಯಾವಾಗಲೂ ವೇಗವಾಗಿ ಕೊಡುವ ವಿಧಾನ ಗೊತ್ತಿಲ್ಲ, ಇರಬಹುದೆಂಬ ನಿರೀಕ್ಷೆಯೂ ತಜ್ಞರಿಗಿಲ್ಲ. ಒಂದೇ ಮೂಲ, ಒಂದೇ ಗುರಿ ಇದ್ದರೂ ಪ್ರತಿ ರಸ್ತೆಯನ್ನು ತಿರುಗಿಸಲು ಒಂದು ನಿಗದಿತ ವೆಚ್ಚ ತಗಲುತ್ತದೆ ಎಂದರೆ ಸಾಕು, ಸಮಸ್ಯೆ ಹಾಗೆಯೇ ಕಠಿಣವಾಗುತ್ತದೆ. 2022ರಲ್ಲಿ ಗರಿಷ್ಠ ಹರಿವಿನ ಲೆಕ್ಕವನ್ನು ಜಾಲದ ಗಾತ್ರಕ್ಕೆ ಬಹುತೇಕ ಅನುಪಾತವಾದ ಸಮಯದಲ್ಲಿ ಮುಗಿಸುವ ವಿಧಾನ ಪ್ರಕಟವಾದಾಗ ಗಣಿತ ಲೋಕ ಸಂಭ್ರಮಿಸಿತು. ಆ ಸಂಭ್ರಮ ಯೋಗ್ಯವಾದದ್ದೇ ಆದರೂ ತೆರವಿನ ಯೋಜಕನ ಕಷ್ಟ ಇರುವುದು ಹರಿವಿನ ಲೆಕ್ಕದಲ್ಲಲ್ಲ, ತಿರುಗಿಸುವ ಆಯ್ಕೆಯಲ್ಲಿ.

ಹೀಗಾಗಿ ಬಳಕೆಯಲ್ಲಿ ಅಂದಾಜಿನ ವಿಧಾನಗಳೇ ಕೆಲಸಕ್ಕೆ ಬರುತ್ತವೆ. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಶಶಿ ಶೇಖರ್ ಅವರ ತಂಡ 2005ರ ಸುಮಾರಿಗೆ ರೂಪಿಸಿದ ‘ತೆರವು ಮಾರ್ಗ ಯೋಜಕ’ ಎಂಬ ಅಲ್ಗಾರಿದಮ್ ಪ್ರತಿ ಗುಂಪಿಗೂ ಆ ಗಳಿಗೆಯಲ್ಲಿ ಉಳಿದಿರುವ ಸಾಮರ್ಥ್ಯವನ್ನು ನೋಡಿ ಬೇಗ ತಲುಪುವ ದಾರಿಯನ್ನು ಕಾಯ್ದಿರಿಸುತ್ತಾ ಹೋಗುತ್ತದೆ. ಅದೇ ತಂಡ ಕಾಂಟ್ರಾಫ್ಲೋಗೆ ಎರಡು ಉಪಾಯಗಳನ್ನು ಪ್ರಯತ್ನಿಸಿತು: ಒಂದರಲ್ಲಿ ಮೊದಲು ತಿರುಗಿಸದೆ ತೆರವನ್ನು ಲೆಕ್ಕ ಹಾಕಿ, ಯಾವ ರಸ್ತೆಗಳ ಮೇಲೆ ಎರಡು ದಿಕ್ಕಿನ ಒತ್ತಡದ ವ್ಯತ್ಯಾಸ ಹೆಚ್ಚಿದೆಯೋ ಅವನ್ನು ತಿರುಗಿಸುವುದು, ಇನ್ನೊಂದರಲ್ಲಿ ಕಿರಿದಾದ ಛೇದವನ್ನು ಹುಡುಕಿ ಅಲ್ಲಿನ ರಸ್ತೆಗಳನ್ನು ತಿರುಗಿಸಿ, ಮತ್ತೆ ಹುಡುಕಿ ಮತ್ತೆ ತಿರುಗಿಸುತ್ತಾ ಸಾಗುವುದು. ಮಾಂಟಿಸೆಲ್ಲೊ ಅಣುಸ್ಥಾವರದ ಸುತ್ತಲಿನ ರಸ್ತೆಗಳಂಥ ನಿಜವಾದ ಜಾಲಗಳ ಮೇಲೆ ನಡೆಸಿದ ಈ ಪ್ರಯೋಗಗಳಲ್ಲಿ, ಸುಮಾರು ಶೇ 30ರಷ್ಟು ರಸ್ತೆ ತುಂಡುಗಳನ್ನು ತಿರುಗಿಸಿದಾಗಲೇ ತೆರವಿನ ಸಮಯ ಶೇ 40ರಷ್ಟು ಇಳಿಯಿತು. ಈ ಎರಡು ಅಂಕಿಗಳಲ್ಲಿ ನನಗೆ ಮೊದಲನೆಯದು ಹೆಚ್ಚು ಮುಖ್ಯವೆನ್ನಿಸುತ್ತದೆ. ಎಲ್ಲವನ್ನೂ ತಿರುಗಿಸಬೇಕಿಲ್ಲ, ಸರಿಯಾದವುಗಳನ್ನು ತಿರುಗಿಸಿದರೆ ಉಳಿದವು ಇದ್ದಂತೆಯೇ ಇರಬಹುದು.

ಇಲ್ಲಿಂದಲೇ ಭಾಗಶಃ ತಿರುಗಿಸುವ ಚಿಂತನೆ ಹೊರಡುತ್ತದೆ. ಕಠ್ಮಂಡುವಿನ ತ್ರಿಭುವನ ವಿಶ್ವವಿದ್ಯಾಲಯದ ಊರ್ಮಿಳಾ ಪ್ಯಾಕುರೇಲ್ ಮತ್ತು ತಂಕನಾಥ ಧಮಾಲ ಅವರ ಪ್ರಬಂಧಗಳು ಇಡೀ ಎದುರು ದಿಕ್ಕನ್ನಲ್ಲ, ಹರಿವಿಗೆ ಬೇಕಾದಷ್ಟು ಲೇನ್‌ಗಳನ್ನು ಮಾತ್ರ ತಿರುಗಿಸಿ, ಉಳಿದವನ್ನು ಒಳಬರುವ ಆಂಬುಲೆನ್ಸ್, ಅಗ್ನಿಶಾಮಕ ವಾಹನ ಮತ್ತು ಪರಿಹಾರ ಸಾಮಗ್ರಿಗೆ ಉಳಿಸುವುದು ಹೇಗೆಂದು ವಿವರವಾಗಿ ಪರಿಶೀಲಿಸಿವೆ. ನಮ್ಮ ಚಿಕ್ಕ ಜಾಲದಲ್ಲಿ ಇದರ ಬೆಲೆಯನ್ನು ಅಳೆಯಬಹುದು. ಉತ್ತರದ ದಾರಿಯನ್ನು ಮಾತ್ರ ತಿರುಗಿಸಿ ದಕ್ಷಿಣದ ಕಿರಿದಾದ ತುಂಡನ್ನು ಇಮ್ಮುಖವಾಗಿಯೇ ಬಿಟ್ಟರೆ ಹರಿವು ನಿಮಿಷಕ್ಕೆ 50ಕ್ಕೆ ನಿಲ್ಲುತ್ತದೆ, ತೆರವು 142 ನಿಮಿಷಕ್ಕೆ ಮುಗಿಯುತ್ತದೆ. ಹತ್ತೊಂಬತ್ತು ನಿಮಿಷಗಳನ್ನು ಕೊಟ್ಟು ತಾಣದಿಂದ ಊರಿಗೆ ಒಂದು ಒಳದಾರಿಯನ್ನು ಉಳಿಸಿಕೊಂಡಂತಾಯಿತು. ಕೊಡಬೇಕೋ ಬೇಡವೋ ಎಂಬುದನ್ನು ಅಲ್ಗಾರಿದಮ್ ತೀರ್ಮಾನಿಸಲಾರದು, ಆದರೆ ಬೆಲೆ ಹತ್ತೊಂಬತ್ತು ನಿಮಿಷ ಎಂದು ಅದು ಹೇಳಬಲ್ಲದು, ಮತ್ತು ಬೆಲೆ ಗೊತ್ತಿಲ್ಲದೆ ತೀರ್ಮಾನ ತೆಗೆದುಕೊಳ್ಳುವುದಕ್ಕೂ ಗೊತ್ತಿದ್ದು ತೆಗೆದುಕೊಳ್ಳುವುದಕ್ಕೂ ಬಹಳ ಅಂತರವಿದೆ.

ಇನ್ನೊಂದು ಪ್ರಶ್ನೆಯನ್ನು ಇಲ್ಲಿ ಹೇಳಿಯೇ ಮುಂದೆ ಹೋಗಬೇಕು. ಅಪಾಯ ಎಷ್ಟು ಹೊತ್ತಿಗೆ ಬಂದೆರಗುತ್ತದೆ ಎಂಬುದು ಗೊತ್ತಿಲ್ಲದಿದ್ದಾಗ ಒಟ್ಟು ಸಮಯವನ್ನು ಕಡಿಮೆ ಮಾಡುವ ಯೋಜನೆಯೇ ಒಳ್ಳೆಯದೆನ್ನಲಾಗದು. ಪ್ರತಿ ಗಳಿಗೆಯಲ್ಲೂ ಅಲ್ಲಿಯವರೆಗೆ ಸಾಧ್ಯವಾದಷ್ಟು ಹೆಚ್ಚು ಜನ ಪಾರಾಗಿರಬೇಕು. ಇಂಥ ಹರಿವು ಒಂದು ಮೂಲ, ಒಂದು ಗುರಿಯ ಜಾಲದಲ್ಲಿ ಇದ್ದೇ ಇರುತ್ತದೆ ಎಂದು ಗಣಿತಜ್ಞ ಡೇವಿಡ್ ಗೇಲ್ 1959ರಲ್ಲಿಯೇ ಸಾಧಿಸಿದರು. ಗುರಿಗಳು ಹಲವಾದಾಗ ಅದು ಇರಲೇಬೇಕೆಂಬ ಖಾತರಿಯಿಲ್ಲ. ಕಾಡ್ಗಿಚ್ಚಿನಂಥ ವೇಗದ ವಿಪತ್ತಿಗೆ ಬೇಕಾದ ಮಾನದಂಡ ಇದೇ ಎಂಬುದು ನನ್ನ ನಂಬಿಕೆ, ಏಕೆಂದರೆ ಅಲ್ಲಿ ಗಡಿಯಾರ ಯಾರ ಕೈಯಲ್ಲೂ ಇರುವುದಿಲ್ಲ.

ಈವರೆಗಿನ ಲೆಕ್ಕವೆಲ್ಲ ರಸ್ತೆಯ ಸಾಮರ್ಥ್ಯ ಬದಲಾಗದ ಸಂಖ್ಯೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಆ ನಂಬಿಕೆ ಎರಡು ಕಡೆ ಸಡಿಲವಾಗುತ್ತದೆ. ಮೊದಲನೆಯದಾಗಿ, ತಿರುಗಿಸಿದ ಲೇನ್ ಮಾಮೂಲಿ ಲೇನ್‌ಗೆ ಸಮನಲ್ಲ. ಸೂಚನಾ ಫಲಕಗಳ ಬೆನ್ನು ಮಾತ್ರ ಕಾಣುವ, ನಿರ್ಗಮನ ದಾರಿಗಳು ಹಿಮ್ಮುಖವಾಗಿರುವ ರಸ್ತೆಯಲ್ಲಿ ಚಾಲಕ ಹಿಂಜರಿಯುತ್ತಾನೆ. ಅಮೆರಿಕದ ಯೋಜಕರು ಬಳಸಿದ ಒಂದು ಅಂದಾಜಿನಂತೆ, ಎರಡು ಹೊರಲೇನ್‌ಗಳ ಹೆದ್ದಾರಿ ಗಂಟೆಗೆ ಸುಮಾರು 3,000 ವಾಹನಗಳನ್ನು ಸಾಗಿಸಿದರೆ, ಎದುರಿನ ಎರಡೂ ಲೇನ್‌ಗಳನ್ನು ತಿರುಗಿಸಿದಾಗ ಒಟ್ಟು 6,000 ಆಗದೆ ಸುಮಾರು 5,000ಕ್ಕೆ ನಿಲ್ಲುತ್ತದೆ. ತಿರುಗಿಸಿದ ಲೇನ್ ಮೂರರಲ್ಲಿ ಎರಡು ಪಾಲು ಮಾತ್ರ ಕೊಡುತ್ತದೆ ಎಂಬ ಈ ಅನುಪಾತವನ್ನು ನಮ್ಮ ಊರಿಗೆ ಅನ್ವಯಿಸಿದರೆ 123 ನಿಮಿಷದ ತೆರವು 143 ನಿಮಿಷವಾಗುತ್ತದೆ.

ಎರಡನೆಯದು ಇನ್ನೂ ಗಂಭೀರವಾದದ್ದು. ಕಾಲದಲ್ಲಿ ವಿಸ್ತರಿಸಿದ ಜಾಲದಲ್ಲಿ ವಾಹನ ಮನೆಯಲ್ಲಿ ಕಾದರೂ ರಸ್ತೆಯ ಮೇಲೆ ಕಾದರೂ ಒಂದೇ. ನಿಜವಾದ ರಸ್ತೆ ಹಾಗಲ್ಲ. ವಾಹನಗಳ ಸಾಂದ್ರತೆ ಒಂದು ಮಿತಿ ದಾಟಿದ ಮೇಲೆ ನಿಂತು-ಹೊರಡುವ ಅಲೆಗಳು ಎದ್ದು, ಮೊದಲು ಹರಿಯುತ್ತಿದ್ದಷ್ಟೂ ಹರಿಯದೆ ಸಾಮರ್ಥ್ಯವೇ ಕುಸಿಯುತ್ತದೆ. ಆದ್ದರಿಂದ ಯಾವ ಬಡಾವಣೆ ಯಾವ ಹೊತ್ತಿಗೆ ಹೊರಡಬೇಕೆಂಬ ಸರದಿಯ ಪಟ್ಟಿ ಲೇನ್ ತಿರುಗಿಸುವಷ್ಟೇ ತೂಕದ ಸಂಗತಿ. ಅಲ್ಗಾರಿದಮ್ ಪ್ರತಿ ದಾರಿಗೂ ನಿಮಿಷಕ್ಕೆ ಇಷ್ಟು ಎಂದು ಕೊಡುವ ಅಂಕಿಯನ್ನು ಹೊರಡುವ ಸರದಿಯಾಗಿ ಓದಿಕೊಂಡಾಗಲೇ ಅದರ ಪೂರ್ಣ ಪ್ರಯೋಜನ ಸಿಗುತ್ತದೆ.

ಲೂಯಿಸಿಯಾನಾದಲ್ಲಿ ಇದೆಲ್ಲ ಒಂದು ವರ್ಷದ ಅಂತರದಲ್ಲಿ ಎರಡು ಬಾರಿ ಪರೀಕ್ಷೆಗೊಳಗಾಯಿತು. 2004ರಲ್ಲಿ ಐವಾನ್ ಚಂಡಮಾರುತದ ವೇಳೆ ನ್ಯೂ ಆರ್ಲಿಯನ್ಸ್‌ನ ಹೆದ್ದಾರಿಯನ್ನು ತಿರುಗಿಸಲಾಯಿತಾದರೂ ತಿರುಗಿಸಿದ ತುಂಡು ಆರಂಭವಾಗುವಲ್ಲಿ ಮತ್ತು ಮುಗಿದು ಮಾಮೂಲಿ ರಸ್ತೆಗೆ ಕೂಡಿಕೊಳ್ಳುವಲ್ಲಿ ಸಾಲುಗಳು ಬೆಳೆದವು. ನಾಲ್ಕು ಲೇನ್‌ಗಳ ಹರಿವು ಎರಡು ಲೇನ್‌ಗೆ ಇಳಿಯುವ ಜಾಗದಲ್ಲಿ ಛೇದ ಇದ್ದಲ್ಲೇ ಇತ್ತು, ನಡುವಿನ ಕಿಲೋಮೀಟರುಗಳಷ್ಟೇ ಅಗಲವಾಗಿದ್ದವು. ಆ ಪಾಠದಿಂದ ಯೋಜನೆಯನ್ನು ಮತ್ತೆ ಬರೆದು, ಇಂಟರ್‌ಸ್ಟೇಟ್ 10ರ ಜೊತೆಗೆ 55 ಮತ್ತು 59ನ್ನೂ ಸೇರಿಸಿ, ತಿರುಗಿಸಿದ ಹರಿವನ್ನು ನೆರೆಯ ಮಿಸಿಸಿಪ್ಪಿ ರಾಜ್ಯದೊಳಗೂ ಮುಂದುವರಿಸಿ, ವಾಹನಗಳು ಒಳಸೇರುವ ಜಾಗಗಳನ್ನು ಬೇರೆ ಬೇರೆ ಕಡೆ ಹಂಚಲಾಯಿತು. 2005ರ ಆಗಸ್ಟ್ 27ರ ಸಂಜೆ 4 ಗಂಟೆಗೆ ಕತ್ರಿನಾ ಚಂಡಮಾರುತಕ್ಕಾಗಿ ಆರಂಭವಾದ ಕಾಂಟ್ರಾಫ್ಲೋ ಸುಮಾರು 25 ಗಂಟೆ ನಡೆಯಿತು, ಹತ್ತು ಲಕ್ಷದಷ್ಟು ಜನ ಹಿಂದಿನ ವರ್ಷಕ್ಕಿಂತ ಬಹಳ ಸುಗಮವಾಗಿ ಹೊರಬಿದ್ದರು. ಆದರೂ ವಾಹನವೇ ಇಲ್ಲದ ಸಾವಿರಾರು ಜನ ನಗರದಲ್ಲಿ ಉಳಿದರು, ನೀರು ನುಗ್ಗಿದಾಗ ಸತ್ತವರಲ್ಲಿ ಅಂಥವರು ಹಲವರಿದ್ದರು. ಹರಿವಿನ ಮೂಲದಲ್ಲಿ ವಾಹನಗಳನ್ನು ಮಾತ್ರ ಎಣಿಸಿದ ಮಾದರಿಗೆ ಅವರು ಕಾಣುವುದೇ ಇಲ್ಲ. ಬಸ್ಸುಗಳನ್ನು, ಅವು ಖಾಲಿಯಾಗಿ ಊರಿಗೆ ಮರಳಿ ಬರುವ ದಾರಿಯನ್ನು ಜಾಲದೊಳಗೆ ಸೇರಿಸಿದರೆ ಮಾತ್ರ ಕಾಣುತ್ತಾರೆ, ಹಾಗೆ ಸೇರಿಸಿದಾಗ ಒಂದು ಒಳಲೇನ್‌ನ ಬೆಲೆ ಇನ್ನೂ ಏರುತ್ತದೆ.

ಅದಾದ ಒಂದು ತಿಂಗಳೊಳಗೆ ರೀಟಾ ಚಂಡಮಾರುತಕ್ಕೆ ಹೆದರಿ ಹ್ಯೂಸ್ಟನ್ ಪ್ರದೇಶದಿಂದ ಇಪ್ಪತ್ತೈದು ಲಕ್ಷದಷ್ಟು ಜನ ಒಮ್ಮೆಗೇ ರಸ್ತೆಗಿಳಿದರು. ತಕ್ಕ ಪೂರ್ವಸಿದ್ಧತೆಯಿಲ್ಲದೆ ಲೇನ್ ತಿರುಗಿಸಲು ಹೊರಟಾಗ ಒಳಬರುವ ಪ್ರತಿ ದಾರಿಯನ್ನೂ ಮುಚ್ಚಿ, ಪ್ರತಿ ಕೂಡುವಿಕೆಯಲ್ಲೂ ಸಿಬ್ಬಂದಿ ನಿಲ್ಲಿಸಿ, ಇದ್ದ ವಾಹನಗಳನ್ನು ತೆರವುಗೊಳಿಸುವುದರಲ್ಲಿ ಗಂಟೆಗಳು ಕಳೆದವು. ಬಿಸಿಲಿನಲ್ಲಿ, ಇಂಧನವಿಲ್ಲದೆ ನಿಂತ ಸಾಲುಗಳಲ್ಲಿ ಮತ್ತು ಅಪಘಾತಗಳಲ್ಲಿ ತೆರವಿನ ವೇಳೆಯೇ ನೂರರಷ್ಟು ಜನ ತೀರಿಕೊಂಡರು. ಅವರಲ್ಲಿ 23 ಮಂದಿ ಡಲ್ಲಾಸ್ ಸಮೀಪ ಬೆಂಕಿ ಹತ್ತಿದ ಒಂದೇ ಬಸ್ಸಿನಲ್ಲಿದ್ದ ವೃದ್ಧಾಶ್ರಮವಾಸಿಗಳು. 2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣಕ್ಕೆ ಕಾಡ್ಗಿಚ್ಚು ನುಗ್ಗಿದಾಗ ಇದಕ್ಕೆ ವಿರುದ್ಧವಾದ ಸ್ಥಿತಿ: ಯೋಜನೆಯಿತ್ತು, ವಲಯವಾರು ಸರದಿಯಿತ್ತು, ಮುಖ್ಯರಸ್ತೆ ಸ್ಕೈವೇಯ ಲೇನ್‌ಗಳನ್ನು ತಿರುಗಿಸುವ ಅಭ್ಯಾಸವೂ ಹಿಂದೆ ನಡೆದಿತ್ತು. ಆದರೆ ಬೆಂಕಿ ವಲಯಗಳ ಸರದಿ ಕಾಯಲಿಲ್ಲ. ಸುಮಾರು 26,000 ಜನರ ಪಟ್ಟಣ ಏಕಕಾಲಕ್ಕೆ ಕೆಲವೇ ರಸ್ತೆಗಳತ್ತ ಮುಗಿಬಿತ್ತು, 85 ಮಂದಿ ಆ ಬೆಂಕಿಗೆ ಬಲಿಯಾದರು. ಲೇನ್ ತಿರುಗಿಸಿದ್ದರಿಂದ ಎಷ್ಟೋ ಜನ ಪಾರಾದರು ಎಂಬುದೂ ಅಷ್ಟೇ ನಿಜ.

2017ರಲ್ಲಿ ಇರ್ಮಾ ಚಂಡಮಾರುತ ಬಂದಾಗ ಫ್ಲಾರಿಡಾ ಬೇರೆ ದಾರಿ ಹಿಡಿಯಿತು. ಅಲ್ಲಿ ಎದುರು ಲೇನ್‌ಗಳನ್ನು ತಿರುಗಿಸದೆ, ರಸ್ತೆಯಂಚಿನ ಗಟ್ಟಿ ಪಟ್ಟಿಯನ್ನು ಹೆಚ್ಚುವರಿ ಲೇನ್ ಆಗಿ ತೆರೆಯಲಾಯಿತು. ದಕ್ಷಿಣದತ್ತ ಇಂಧನ ಮತ್ತು ಪರಿಹಾರ ಹೊತ್ತ ಲಾರಿಗಳು ಹೋಗಬೇಕಿತ್ತು, ಪೂರ್ಣ ಕಾಂಟ್ರಾಫ್ಲೋಗೆ ಬೇಕಾದಷ್ಟು ಪೊಲೀಸ್ ಸಿಬ್ಬಂದಿಯನ್ನು ಬೇರೆ ಕೆಲಸಗಳಿಂದ ಬಿಡಿಸುವುದು ಕಷ್ಟವಿತ್ತು. ಇದನ್ನು ಕಾಂಟ್ರಾಫ್ಲೋದ ಸೋಲೆಂದು ಓದುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ತಿರುಗಿಸುವುದಕ್ಕೆ ತಗಲುವ ಸಮಯ ಮತ್ತು ಸಿಬ್ಬಂದಿಯನ್ನು ಲೆಕ್ಕದೊಳಗೆ ತಂದಾಗ ಉತ್ತರ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಅದೊಂದು ನಿದರ್ಶನ.

ಆ ಬದಲಾವಣೆ ಎಷ್ಟು ಸೂಕ್ಷ್ಮವಾದದ್ದೆಂದು ನೋಡಲು ನಮ್ಮ ಊರಿಗೇ ಕೊನೆಯ ಬಾರಿ ಮರಳೋಣ. ಮೊದಲಿನ ಸರಳ ಊಹೆಯಂತೆ ತಿರುಗಿಸಿದ ಲೇನ್ ಪೂರ್ತಿ ಸಾಮರ್ಥ್ಯ ಕೊಡುತ್ತದೆಂದೇ ಇಟ್ಟುಕೊಂಡು, ಅದು ಸಿದ್ಧವಾಗುವವರೆಗೆ ಜನ ಮಾಮೂಲಿ ಲೇನ್‌ಗಳಲ್ಲಿ ಹೊರಡುತ್ತಿರುತ್ತಾರೆ ಎಂದುಕೊಳ್ಳಿ. ಪೂರ್ಣ ಯೋಜನೆಯಲ್ಲಿ ಸಿದ್ಧತೆ ತಡವಾದ ಪ್ರತಿ ಎರಡು ನಿಮಿಷಕ್ಕೆ ತೆರವು ಒಂದು ನಿಮಿಷ ತಡವಾಗುತ್ತದೆ. ಉತ್ತರದ ದಾರಿಯನ್ನು ಮಾತ್ರ ತಿರುಗಿಸುವ ಯೋಜನೆಯಲ್ಲಿ ಪ್ರತಿ ಐದು ನಿಮಿಷಕ್ಕೆ ಎರಡು ನಿಮಿಷ. ಎರಡೂ ದಾರಿಗಳ ಒಳಪ್ರವೇಶಗಳನ್ನು ಮುಚ್ಚಿ ಕಾವಲು ಹಾಕಲು ಒಂದು ಗಂಟೆ, ಉತ್ತರಕ್ಕೆ ಮಾತ್ರವಾದರೆ ಇಪ್ಪತ್ತು ನಿಮಿಷ ಬೇಕೆಂದು ಊಹಿಸಿದರೆ, ಕಾಗದದ ಮೇಲೆ 123 ನಿಮಿಷದ್ದಾಗಿದ್ದ ಪೂರ್ಣ ಯೋಜನೆ 153 ನಿಮಿಷಕ್ಕೆ ಮುಗಿಯುತ್ತದೆ, 142 ನಿಮಿಷದ್ದಾಗಿದ್ದ ಭಾಗಶಃ ಯೋಜನೆ 150 ನಿಮಿಷಕ್ಕೇ ಮುಗಿಯುತ್ತದೆ. ನಿಧಾನವೆಂದುಕೊಂಡ ಯೋಜನೆಯೇ ಮೂರು ನಿಮಿಷ ಮುಂದಾಯಿತು, ಮತ್ತು ಅದರಲ್ಲಿ ದಕ್ಷಿಣದ ಕಿರಿದಾದ ರಸ್ತೆಯ ಒಂದು ಬದಿ ಊರಿನೊಳಗೆ ಹೋಗಬೇಕಾದ ಆಂಬುಲೆನ್ಸ್‌ಗೂ ಮರಳಿ ಬರುವ ಖಾಲಿ ಬಸ್ಸಿಗೂ ಉದ್ದಕ್ಕೂ ತೆರೆದೇ ಇರುತ್ತದೆ.